ಉಂಗುರ ಕಣ್ಣಿಗೆ, ಪಥ್ಯ ಕೈಗೆ

ತಿಪಟೂರಿನ ಕಡೆಯಿಂದ ಒಬ್ಬ ತಾಯಿ ಕಳೆದ ವಾರ ಫೋನ್ ಮಾಡಿದ್ದರು. ಮಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾನೆ, ಬಲಗಣ್ಣಿಗೆ ಉಂಗುರ ಹಾಕಿಸಿ ಒಂಬತ್ತು ದಿನವಾಗಿದೆ. ‘ಮೊನ್ನೆ ಗೋಡೆ ಗಡಿಯಾರದ ಮುಳ್ಳು ಕಾಣ್ತದೆ ಅಂದ ಸಾರ್. ಇವತ್ತು ಎದ್ದವನೇ ಎಲ್ಲ ಮಂಜು ಮಂಜು ಅಂತಾನೆ. ನಿನ್ನೆ ರಾತ್ರಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ನಂಜಿನ ಪದಾರ್ಥ ಯಾಕೆ ಹಾಕ್ದೆ ಅಂತ ನಮ್ಮತ್ತೆ ಬೆಳಿಗ್ಗೆಯಿಂದ ಬೈತಾವ್ರೆ’ ಎಂದರು. ದನಿಯಲ್ಲಿ ಅಳುವಿತ್ತು. ನೋವು ಜಾಸ್ತಿಯಾಗಿದೆಯಾ, ಕಣ್ಣು ಕೆಂಪಾಗಿದೆಯಾ, ಕೀವು ಕಟ್ಟಿದೆಯಾ ಎಂದು ಕೇಳಿದೆ. ಯಾವುದೂ ಇರಲಿಲ್ಲ. ಹಾಗಾದರೆ ಬದನೆಕಾಯಿ ನಿರಪರಾಧಿ, ಆದರೂ ಆಪರೇಷನ್ ಮಾಡಿದ ಡಾಕ್ಟರಿಗೆ ಒಂದು ಮಾತು ಹೇಳಿಬಿಡಿ ಎಂದೆ. ಸಂಜೆ ಅವರೇ ಮತ್ತೆ ಫೋನ್ ಮಾಡಿ, ‘ಡಾಕ್ಟರೂ ಅದನ್ನೇ ಅಂದ್ರು ಸಾರ್, ಸ್ವಲ್ಪ ದಿನ ಹಿಂಗೇ ಇರ್ತದಂತೆ’ ಎಂದು ನಕ್ಕರು.

ಹಿಂದೊಮ್ಮೆ ಬೇರೇನೋ ವಿಷಯ ಬರೆಯುವಾಗ, ನನ್ನ ಎಡಗಣ್ಣಿನೊಳಗೆ ಎರಡು ಪ್ಲಾಸ್ಟಿಕ್ ಬಳೆಚೂರುಗಳಿವೆ ಎಂದು ಒಂದು ಸಾಲು ಹಾಕಿದ್ದೆ. ಅಂದಿನಿಂದ ಇಂಥ ಕರೆಗಳು ನಿಂತಿಲ್ಲ. ಕೇಳುವವರೆಲ್ಲ ಕಾಲೇಜು ಓದುವ, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ಇಲ್ಲವೇ ಅವರ ತಾಯಂದಿರು. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಉಂಗುರ ಹಾಕಿಸಿದ ಮೇಲೆ ಎಷ್ಟು ದಿನಕ್ಕೆ ಸರಿಹೋಗುತ್ತೆ, ಏನು ಪಥ್ಯ ಮಾಡಬೇಕು? ನಾನು ವೈದ್ಯನಲ್ಲ, ಈ ದಾರಿಯಲ್ಲಿ ಒಮ್ಮೆ ನಡೆದುಹೋದವನು, ಅಷ್ಟೇ. ಆ ಅಧಿಕಾರದಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪಥ್ಯ ಇದೆ, ಬಲು ಕಟ್ಟುನಿಟ್ಟಿನ ಪಥ್ಯವೇ ಇದೆ. ಅದನ್ನು ಮಾಡಬೇಕಾದದ್ದು ನಾಲಿಗೆಯಲ್ಲ, ಕೈ.

ನನ್ನ ಕಾಯಿಲೆ ಗೊತ್ತಾದದ್ದು ಒಂದು ಅಚ್ಚಿನ ತಪ್ಪಿನಿಂದ. ಮೈಸೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿದ್ದೆ, ಇಪ್ಪತ್ತೊಂಬತ್ತು ವಯಸ್ಸು. ನೆರೆಪೀಡಿತರಿಗೆ ‘ಪರಿಹಾರ ಧನ ವಿತರಣೆ’ ಎಂದು ಹೋಗಬೇಕಿದ್ದ ಶೀರ್ಷಿಕೆ ‘ಪರಿಹಾರ ದನ ವಿತರಣೆ’ ಎಂದು ಅಚ್ಚಾಯಿತು. ಪುಟ ನೋಡಿ ಬಿಟ್ಟವನು ನಾನು. ‘ಏನಪ್ಪಾ, ಸರ್ಕಾರ ಹಸು ಹಂಚ್ತಾ ಇದೆಯಾ?’ ಎಂದು ಮುಖ್ಯ ಉಪಸಂಪಾದಕರು ಕೇಳಿದಾಗ ಡೆಸ್ಕಿಗೆ ಡೆಸ್ಕೇ ನಕ್ಕಿತು. ನನಗೆ ನಗು ಬರಲಿಲ್ಲ. ಪುಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದರೂ ಧಕಾರದ ಕೆಳಗಿನ ಆ ಪುಟ್ಟ ಸೀಳು ನನಗೆ ಕಾಣುತ್ತಿರಲಿಲ್ಲ. ಪ್ರತಿ ಅಕ್ಷರದ ಬೆನ್ನಿಗೂ ಅದರದೇ ನೆರಳು ಅಂಟಿಕೊಂಡು ಸೀಳನ್ನು ಮುಚ್ಚಿಬಿಡುತ್ತಿತ್ತು. ದೀರ್ಘ ಯಾವುದು, ಒತ್ತು ಯಾವುದು, ಎಲ್ಲವೂ ಅಂದಾಜು. ಮನೆಯಲ್ಲೂ ಅದೇ ಕಥೆ. ಸಂಕಷ್ಟಿಯ ರಾತ್ರಿ ಅಮ್ಮ ಉಪವಾಸವಿದ್ದು ಮಹಡಿ ಹತ್ತಿ ಚಂದ್ರನಿಗಾಗಿ ಕಾಯುತ್ತಿದ್ದಳು. ಅವಳಿಗೆ ಒಂದು ಚಂದ್ರ ಕಂಡರೆ ಊಟ. ನನಗೆ ಎಡಗಣ್ಣಿನಲ್ಲಿ ಐದು ಕಾಣುತ್ತಿದ್ದವು, ಒಂದರ ಮೇಲೊಂದು ಜರುಗಿ ಕೂತ ಹಾಗೆ.

ಅದಕ್ಕೂ ಮುಂಚೆ ನಾಲ್ಕು ವರ್ಷ ನಾನು ಮಾಡಿದ್ದು ಆರಾರು ತಿಂಗಳಿಗೆ ಕನ್ನಡಕ ಬದಲಿಸುವುದನ್ನು. ಅಂಗಡಿಯವರು ಪ್ರತಿ ಸಲವೂ ಸಿಲಿಂಡರ್ ಪವರ್ ಏರಿಸಿ ಹೊಸ ಗಾಜು ಕೂರಿಸುತ್ತಿದ್ದರು. ಯಾಕೆ ಹೀಗೆ ಏರುತ್ತಿದೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಕಣ್ಣಿನ ಆಸ್ಪತ್ರೆಯಲ್ಲಿ ಟೋಪೋಗ್ರಫಿ ಎಂಬ ಪರೀಕ್ಷೆ ಮಾಡಿದರು. ಭೂಗೋಳದ ಪುಸ್ತಕದಲ್ಲಿ ಬೆಟ್ಟ ಕಣಿವೆಗಳಿಗೆ ಬಣ್ಣ ಹಚ್ಚಿರುತ್ತಾರಲ್ಲ, ಹಾಗೆ ಕಣ್ಣಿನ ಮೇಲ್ಮೈಯ ನಕ್ಷೆ. ನನ್ನ ಎಡಗಣ್ಣಿನ ಕೆಳಭಾಗದಲ್ಲಿ ಒಂದು ಕೆಂಪು ಗುಡ್ಡ ಎದ್ದಿತ್ತು. ಡಾಕ್ಟರಮ್ಮ ಅದರ ಮೇಲೆ ಪೆನ್ನಿಟ್ಟು, ‘ಇದಕ್ಕೆ ಕೆರಾಟೋಕೋನಸ್ ಅಂತಾರೆ. ನೀವು ಕಣ್ಣು ತುಂಬಾ ಉಜ್ಜುತ್ತೀರಾ?’ ಎಂದು ಕೇಳಿದರು. ಇಲ್ಲ ಎಂದೆ. ಹಾಗೆನ್ನುವಾಗ ನನ್ನ ಬಲಗೈ ಗೆಣ್ಣು ಕಣ್ಣಿನ ಮೇಲೇ ಇತ್ತು. ಅದನ್ನು ಅವರೇ ತೋರಿಸಿಕೊಟ್ಟರು.

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪರದೆಯೇ ಕಾರ್ನಿಯಾ. ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಕಣ್ಣಿಗೆ ಬರುವ ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಇದರದೇ. ಕೆರಾಟೋಕೋನಸ್ ಬಂದವರಲ್ಲಿ ಈ ಪರದೆಯ ನೇಯ್ಗೆ ಸಡಿಲವಾಗಿ, ತೆಳುವಾಗಿ, ದುಂಡಗಿರಬೇಕಾದದ್ದು ಮುಂದಕ್ಕೆ ಚೂಪಾಗುತ್ತದೆ. ಹದಿಹರೆಯದಲ್ಲಿ ಶುರುವಾಗಿ, ಮೂವತ್ತು ನಲವತ್ತರ ಹೊತ್ತಿಗೆ ಸಾಮಾನ್ಯವಾಗಿ ತಾನೇ ನಿಧಾನವಾಗುತ್ತದೆ. ಲಿವರ್‌ಪೂಲ್‌ನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲೇ ಇದನ್ನು ವಿವರವಾಗಿ ಬರೆದಿಟ್ಟಿದ್ದರು. ಚೂಪಾದ ಮೇಲ್ಮೈ ಬೆಳಕನ್ನು ಹತ್ತು ದಿಕ್ಕಿಗೆ ಚೆದುರಿಸುವುದರಿಂದ ಕನ್ನಡಕದ ಗಾಜು ಎಷ್ಟು ದಪ್ಪಗಾದರೂ ಪ್ರಯೋಜನ ಅಷ್ಟಕ್ಕಷ್ಟೆ. ನನ್ನ ಐದು ಚಂದ್ರರ ಗುಟ್ಟು ಇದೇ.

ಇನ್ನು ಉಂಗುರದ ವಿಷಯ. ಹೆಸರಿಗೆ ಉಂಗುರ, ಕೂರಿಸುವುದು ಸಾಮಾನ್ಯವಾಗಿ ಅರ್ಧಚಂದ್ರದಂಥ ಒಂದು ಅಥವಾ ಎರಡು ತುಂಡು. ಅದಕ್ಕೇ ನಾನು ಬಳೆಚೂರು ಎನ್ನುವುದು. ಕಾರ್ನಿಯಾದ ಅಂಚಿನ ಕಡೆ, ಅದರ ದಪ್ಪದ ಮುಕ್ಕಾಲು ಪಾಲು ಆಳದಲ್ಲಿ ಒಂದು ಸುರಂಗ ಕೊರೆದು, ಈ ಚೂರನ್ನು ಒಳಗೆ ಜಾರಿಸುತ್ತಾರೆ. ಮದುವೆ ಮನೆಯ ಶಾಮಿಯಾನ ನೆನಪಿಸಿಕೊಳ್ಳಿ. ನಡುವೆ ಬಟ್ಟೆ ಅಂಕುಡೊಂಕಾಗಿದ್ದರೆ ಯಾರೂ ನಡುವಿಗೆ ಕೈ ಹಾಕುವುದಿಲ್ಲ. ಅಂಚಿನ ಕಂಬ ಸರಿಮಾಡುತ್ತಾರೆ, ನಡುವಿನ ಬಟ್ಟೆ ತಾನೇ ಬಿಗಿದುಕೊಳ್ಳುತ್ತದೆ. ಇಲ್ಲೂ ಅಂಚಿನಲ್ಲಿ ಚೂರು ಕೂತಾಗ ನಡುವಿನ ಚೂಪು ತಗ್ಗಿ ಒಂದಿಷ್ಟು ಸಮವಾಗುತ್ತದೆ. ಈ ಉಂಗುರವನ್ನು ಮೊದಲು ತಯಾರಿಸಿದ್ದು ಸಾಮಾನ್ಯ ಸಮೀಪದೃಷ್ಟಿಗೆ. 1999ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಅದನ್ನು ಕೆರಾಟೋಕೋನಸ್‌ಗೆ ಬಳಸಿ ನೋಡಿ, ಫಲಿತಾಂಶವನ್ನು 2000ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ವೈದ್ಯ ಜೋಸೆಫ್ ಕೊಲ್ಯಾಂ ಮತ್ತು ಸಂಗಡಿಗರು. ಪ್ಲಾಸ್ಟಿಕ್ ಎಂದ ಕೂಡಲೇ ಗಾಬರಿ ಬೇಡ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಗಾಜು ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳನ್ನು ಕಣ್ಣು ಸಹಿಸಿಕೊಂಡಿದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ಬಗೆಯ ವಸ್ತುವಿನಿಂದ ಮಸೂರ ಮಾಡಿ ಪೊರೆಯ ಆಪರೇಷನ್ನಿನಲ್ಲಿ ಕೂರಿಸಿದರು. ನನ್ನ ಬಳೆಚೂರುಗಳೂ ಆ ಅಕ್ರಿಲಿಕ್ ಕುಲದವೇ.

ಈ ಉಂಗುರ ಎಲ್ಲರಿಗೂ ಆಗುವುದಿಲ್ಲ. ಕೂರಿಸುವ ಜಾಗದಲ್ಲಿ ಕಾರ್ನಿಯಾ ಸಾಕಷ್ಟು ದಪ್ಪ ಉಳಿದಿರಬೇಕು, ನಡುವೆ ಕಲೆ ಕಟ್ಟಿರಬಾರದು. ಇನ್ನೊಂದು ಮಾತನ್ನು ಜೋರಾಗಿ ಹೇಳಬೇಕಾಗಿದೆ. ಇದು ‘ಕನ್ನಡಕ ಬಿಸಾಡಿ’ ಎಂಬ ಜಾಹೀರಾತಿನ ಲೇಸಿಕ್ ಅಲ್ಲ. ಲೇಸಿಕ್ ಕಾರ್ನಿಯಾವನ್ನು ಕೆತ್ತಿ ತೆಳುವಾಗಿಸುತ್ತದೆ. ಮೊದಲೇ ತೆಳುವಾಗಿರುವ ನಮ್ಮಂಥವರ ಕಣ್ಣಿಗೆ ಅದು ಅಪಾಯ. ಲೇಸರ್ ಎಂದದ್ದೆಲ್ಲ ಲೇಸಿಕ್ ಎಂದುಕೊಂಡು ಆಸ್ಪತ್ರೆಗೆ ಹೋಗುವವರು, ಉಂಗುರ ಹಾಕಿಸಿಕೊಂಡ ಮಾರನೆಯ ದಿನವೇ ಹದ್ದಿನ ಕಣ್ಣು ಬರುತ್ತದೆಂದು ಕಾಯುತ್ತಾರೆ. ಅವರಿಗಾಗುವ ನಿರಾಸೆಗೆ ಅರ್ಧ ಕಾರಣ ಈ ಗೊಂದಲ.

ಆಪರೇಷನ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮರಗಟ್ಟಿಸಲು ಹನಿ ಹಾಕಿದರು, ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ ಇಟ್ಟರು. ಲೇಸರ್ ಸುರಂಗ ಕೊರೆಯುವಾಗ ಕಣ್ಣಿನ ಮೇಲೆ ಲೋಟ ಅದುಮಿದ ಹಾಗಾಗಿ ಕೆಲವು ಸೆಕೆಂಡ್ ಪೂರ್ತಿ ಕತ್ತಲು. ಅದೊಂದು ಕ್ಷಣ ಎದೆ ಹೊಡೆದುಕೊಂಡಿತು. ಅರ್ಧ ಗಂಟೆಯೊಳಗೆ ಪಾರದರ್ಶಕ ಮುಚ್ಚಳ ಅಂಟಿಸಿಕೊಂಡು ಹೊರಗೆ ಕಾಫಿ ಕುಡಿಯುತ್ತಿದ್ದೆ. ಮೂರು ಗಂಟೆಯ ಮೇಲೆ ಹನಿಯ ಪ್ರಭಾವ ಇಳಿಯಿತು. ರಾಗಿ ಕಣದಲ್ಲಿ ತೂರುವಾಗ ಕಣ್ಣಿಗೆ ಒಂದು ಕಾಳು ಬಿದ್ದರೆ ಹೇಗಿರುತ್ತದೋ ಹಾಗೆ, ಆದರೆ ಕಾಳು ಹೊರಗೆ ಬರುವುದಿಲ್ಲ. ನೀರು ಸುರಿಯುತ್ತಿತ್ತು. ಟ್ಯೂಬ್‌ಲೈಟ್ ಹಾಕಿದರೆ ಚುಚ್ಚುತ್ತಿತ್ತು. ದೇವರ ಮನೆಯ ನಂದಾದೀಪದ ಬೆಳಕಿನಲ್ಲೇ ಎರಡು ರಾತ್ರಿ ಊಟ ಮಾಡಿದೆ. ಮೂರನೇ ದಿನಕ್ಕೆ ಕಾಳು ಕರಗಿದ ಹಾಗಾಯಿತು.

ಹಗಲು ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನ ಹತ್ತಿರ ನಿಂತರೆ ಅಕ್ಕಪಕ್ಕದವರು ಮಾರು ದೂರ ಸರಿಯುತ್ತಿದ್ದರು. ಮದ್ರಾಸ್ ಐ ಎಂದುಕೊಂಡಿದ್ದರು. ಅಂಟುವ ರೋಗವಲ್ಲ ಎಂದು ಬೀದಿಗೆಲ್ಲ ವಿವರಿಸಿ ಸುಸ್ತಾಗಿ, ಕೊನೆಗೆ ಒಳಗೇ ಕೂತೆ. ಒಳಗೆ ಅಮ್ಮನ ಆಡಳಿತ. ಆಸ್ಪತ್ರೆಯವರು ಕೊಟ್ಟ ಡ್ರಾಪ್ಸ್ ಪಟ್ಟಿಯನ್ನು ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಳು. ಸೋಂಕು ತಗಲದಂತೆ ಒಂದು, ಊತ ಇಳಿಯಲು ಸ್ಟೀರಾಯ್ಡಿನದು ಒಂದು, ಕಣ್ಣು ಒಣಗದಿರಲು ಕಣ್ಣೀರಿನಂಥದು ಒಂದು. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಸೋಪು ಹಾಕಿ ಕೈ ತೊಳೆದೇ ಬಾಟಲಿ ಮುಟ್ಟಬೇಕು, ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಸ್ಟೀರಾಯ್ಡ್ ಹನಿಯನ್ನು ವೈದ್ಯರು ಹೇಳಿದ ಲೆಕ್ಕದಲ್ಲೇ ಕಡಿಮೆ ಮಾಡುತ್ತಾ ನಿಲ್ಲಿಸಬೇಕು. ಕಣ್ಣಿಗೆ ಹಿತವಾಗಿದೆ ಎಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಫಾಲೋಅಪ್‌ಗೆ ಹೋದಾಗೆಲ್ಲ ಒತ್ತಡ ಅಳೆಯುವುದು ಅದಕ್ಕೇ.

ನಂದಿಬಟ್ಟಲು ಹೂವಿನ ರಸ ಬಿಟ್ಟರೆ ಕಣ್ಣು ತಂಪಾಗುತ್ತದೆ ಎಂದು ಪಕ್ಕದ ಮನೆಯ ಅಜ್ಜಿ ಹೂವು ಕೊಯ್ದು ತಂದೇಬಿಟ್ಟಿದ್ದರು. ಅಮ್ಮ ಹೂವು ಇಸಿದುಕೊಂಡು ದೇವರಿಗೆ ಏರಿಸಿದಳು. ಅಜ್ಜಿಗೂ ಬೇಸರವಾಗಲಿಲ್ಲ, ನನ್ನ ಕಣ್ಣೂ ಉಳಿಯಿತು. ಹೊಸದಾಗಿ ಕೊಯ್ದ ಕಣ್ಣಿಗೆ ಹೂವಿನ ರಸ, ಜೇನುತುಪ್ಪ, ಎದೆಹಾಲು ಯಾವುದೂ ಬೇಡ. ನಲ್ಲಿ ನೀರೂ ಬೇಡ. ಸುರಂಗದ ಬಾಯಿ ಮುಚ್ಚಿಕೊಳ್ಳುವ ತನಕ ಅಲ್ಲಿಂದ ಸೋಂಕು ಒಳಗೆ ಹೋಗಬಹುದು. ನನಗೆ ಹತ್ತು ದಿನ ತಲೆಸ್ನಾನವಿರಲಿಲ್ಲ. ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದೆ. ಆಮೇಲೂ ಕ್ಷೌರದಂಗಡಿಯ ಹಾಗೆ ತಲೆ ಹಿಂದಕ್ಕೆ ಚಾಚಿ ಅಮ್ಮನಿಂದ ನೀರು ಹಾಕಿಸಿಕೊಂಡೆ. ಈಜು ಒಂದು ತಿಂಗಳು ಬಂದ್. ಒಗ್ಗರಣೆಯ ಹೊಗೆ, ದೀಪಾವಳಿಯ ಪಟಾಕಿ ಹೊಗೆ, ಸ್ಕೂಟರಿನ ಧೂಳು ಇವುಗಳಿಂದಲೂ ದೂರ. ಬದನೆಕಾಯಿ ಮಾತ್ರ ಮೊದಲ ದಿನದಿಂದಲೂ ತಿಂದೆ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಮೊನ್ನೆ ಕಂಡ ಗಡಿಯಾರದ ಮುಳ್ಳು ಇವತ್ತು ಯಾಕೆ ಕಾಣಲಿಲ್ಲ? ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ರಕ್ತವಿದ್ದರೆ ಬೆಳಕು ದಾಟುವುದಿಲ್ಲ, ಹಾಗಾಗಿ ಪ್ರಕೃತಿ ಅದನ್ನು ಬರಿಗೈಯಲ್ಲಿ ಇಟ್ಟಿದೆ. ಬೇಕಾದ ಆಮ್ಲಜನಕವನ್ನು ಅದು ಹೆಚ್ಚಾಗಿ ಗಾಳಿಯಿಂದಲೇ, ಕಣ್ಣೀರಿನ ಪೊರೆಯ ಮೂಲಕ ಪಡೆಯುತ್ತದೆ. ಮೇಲಿನ ಚರ್ಮದಂಥ ಪದರ ಕೆಲವೇ ದಿನಗಳಲ್ಲಿ ಕೂಡಿಕೊಂಡರೂ ಒಳಗಿನ ನೇಯ್ಗೆ ವಾಸಿಯಾಗುವುದು ಬಹಳ ನಿಧಾನ. ಸುರಂಗದ ಸುತ್ತ ಊತ ಇಳಿಯುತ್ತಿರುತ್ತದೆ, ಪರದೆ ತನ್ನ ಹೊಸ ಆಕಾರಕ್ಕೆ ಹೊಂದಿಕೊಳ್ಳುತ್ತಿರುತ್ತದೆ, ಕಣ್ಣೀರಿನ ಪೊರೆ ಹರಿದು ಹರಿದು ಕೂಡುತ್ತಿರುತ್ತದೆ. ರಾತ್ರಿಯಿಡೀ ರೆಪ್ಪೆ ಮುಚ್ಚಿರುವಾಗ ಎಲ್ಲರ ಕಾರ್ನಿಯಾವೂ ತುಸು ಊದಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಬೆಳಿಗ್ಗೆ ಮಂಜು, ಹನ್ನೊಂದು ಗಂಟೆಗೆ ಪರವಾಗಿಲ್ಲ, ಕಂಪ್ಯೂಟರ್ ನೋಡಿ ನೋಡಿ ಕಣ್ಣು ಒಣಗಿದ ಮೇಲೆ ಸಂಜೆ ಮತ್ತೆ ಮಂಜು. ನನ್ನ ಎರಡನೇ ತಿಂಗಳು ಪೂರ್ತಿ ಹೀಗೆಯೇ ಕಳೆಯಿತು.

ಆಗ ನಾನು ಮಾಡಿದ ದೊಡ್ಡ ತಪ್ಪು ದಿನಕ್ಕೆ ಹತ್ತು ಸಲ ಪರೀಕ್ಷೆ ಬರೆದದ್ದು. ಬಲಗಣ್ಣು ಮುಚ್ಚಿಕೊಂಡು ಎದುರುಮನೆಯ ಹೆಸರಿನ ಫಲಕ ಓದುವುದು, ಸಿಟಿ ಬಸ್ಸಿನ ಬೋರ್ಡ್ ಓದುವುದು, ಪಂಚಾಂಗದ ರಾಹುಕಾಲ ಓದುವುದು. ಓದಲಾದರೆ ಹಬ್ಬ, ಆಗದಿದ್ದರೆ ಸೂತಕ. ಮನೆಯವರ ಮನಸ್ಸೂ ಆ ಫಲಕದ ಜೊತೆ ಏರಿಳಿಯುತ್ತಿತ್ತು. ‘ನೆಟ್ಟ ಸಸಿಯನ್ನು ಬೇರು ಬಿಟ್ಟಿದೆಯಾ ಅಂತ ದಿನಾ ಕಿತ್ತು ನೋಡ್ತಾರೇನ್ರಿ?’ ಎಂದು ಡಾಕ್ಟರಮ್ಮ ಗದರಿಸಿದ ಮೇಲೆ ನಿಲ್ಲಿಸಿದೆ. ಆದ್ದರಿಂದ ದಿನಗಳ ಲೆಕ್ಕ ಕೇಳುವವರಿಗೆ ನನ್ನ ಉತ್ತರ ಇಷ್ಟು: ಚುಚ್ಚು ನಿಲ್ಲಲು ಎರಡು ಮೂರು ದಿನ, ಮೇಜಿನ ಕೆಲಸಕ್ಕೆ ಮರಳಲು ಸುಮಾರು ಒಂದು ವಾರ, ನೋಟ ಒಂದು ಹದಕ್ಕೆ ಬಂದು ನಿಲ್ಲಲು ಮೂರರಿಂದ ಆರು ತಿಂಗಳು. ಹೊಸ ಕನ್ನಡಕಕ್ಕೆ ಆತುರ ಬೇಡ. ಏರಿಳಿಯುವ ಕಣ್ಣಿಗೆ ಇವತ್ತು ಮಾಡಿಸಿದ ಗಾಜು ಮುಂದಿನ ತಿಂಗಳಿಗೆ ಹೊಂದುವುದಿಲ್ಲ.

ಉಂಗುರ ಆಕಾರ ಸರಿಪಡಿಸುತ್ತದೆಯೇ ಹೊರತು ರೋಗವನ್ನು ನಿಲ್ಲಿಸುತ್ತದೆ ಎಂದು ಹೇಳಲಾಗದು. ನಿಲ್ಲಿಸುವುದಕ್ಕೆ ಬೇರೆ ಚಿಕಿತ್ಸೆ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಅದಕ್ಕೆ ಸಿ3ಆರ್ ಎನ್ನುತ್ತಾರೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಿಯೋ ಸೈಲರ್ ಮತ್ತು ಸಂಗಡಿಗರು ರೂಪಿಸಿ, ರೋಗಿಗಳಲ್ಲಿ ಕಂಡ ಮೊದಲ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದ ವಿಧಾನ ಇದು. ಕಾರ್ನಿಯಾಕ್ಕೆ ರೈಬೋಫ್ಲೇವಿನ್ ಅಂದರೆ ಬಿ2 ವಿಟಮಿನ್ ಹನಿಗಳನ್ನು ಕುಡಿಸಿ, ಅಳೆದ ಪ್ರಮಾಣದ ಅತಿನೇರಳೆ ಬೆಳಕು ಬಿಡುತ್ತಾರೆ. ಸಡಿಲವಾದ ನಾರುಗಳ ನಡುವೆ ಹೊಸ ಬೆಸುಗೆ ಬೀಳುತ್ತದೆ. ಹತ್ತಿ ಸೀರೆಗೆ ಗಂಜಿ ಹಾಕಿದಂತೆ ಎನ್ನಬಹುದು, ಒಗೆದರೆ ಹೋಗದ ಗಂಜಿ. ಕೆಲವರಿಗೆ ಉಂಗುರದ ಜೊತೆಗೇ ಮಾಡುತ್ತಾರೆ, ನನಗೆ ಮೂರು ತಿಂಗಳ ನಂತರ ಮಾಡಿದರು. ನಿಜ ಹೇಳಬೇಕೆಂದರೆ ಉಂಗುರಕ್ಕಿಂತ ಇದೇ ಹೆಚ್ಚು ನೋಯಿಸಿತು. ಮೇಲ್ಪದರವನ್ನು ಕೆರೆದು ತೆಗೆದಿದ್ದರಿಂದ ಎರಡು ರಾತ್ರಿ ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಿತ್ತು. ಪದರ ಮತ್ತೆ ಬೆಳೆಯುವ ತನಕ ಮೇಲೊಂದು ಮೆತ್ತನೆಯ ಲೆನ್ಸ್ ಇಟ್ಟಿದ್ದರು. ಮುಂದಿನ ಕೆಲವು ವಾರ ನೋಟ ಮತ್ತೆ ಮಸುಕಾಯಿತು. ಇದನ್ನು ಮೊದಲೇ ಹೇಳಿರದಿದ್ದರೆ ನಾನೂ ಯಾರಿಗಾದರೂ ಫೋನ್ ಮಾಡಿ ಅಳುತ್ತಿದ್ದೆನೇನೋ.

ಆರು ತಿಂಗಳ ನಂತರ ಏನು ಸಿಕ್ಕಿತು? ಎಡಗಣ್ಣಿನಲ್ಲಿ ಕನ್ನಡಕವಿದ್ದೂ 6/36ರ ಸಾಲಿನಲ್ಲಿ ಎಡವುತ್ತಿದ್ದವನು ಕನ್ನಡಕ ಹಾಕಿಕೊಂಡು 6/12ರ ಸಾಲು ಓದಿದೆ. ಅಂದರೆ ಕನ್ನಡಕ ಹೋಗಲಿಲ್ಲ, ಕೆಲಸ ಮಾಡಲು ಶುರುಮಾಡಿತು. ಐದು ಚಂದ್ರರು ಒಂದೂವರೆಯಾದರು. ರಾತ್ರಿ ಸ್ಕೂಟರ್ ಓಡಿಸುವಾಗ ಎದುರಿನ ಹೆಡ್‌ಲೈಟ್‌ಗೆ ಉತ್ಸವಮೂರ್ತಿಯ ಪ್ರಭಾವಳಿಯಂತೆ ಒಂದು ಸುತ್ತು ಬೆಳಕು ಕಾಣುತ್ತದೆ, ಇಂದಿಗೂ. ಬಳೆಚೂರಿನ ಅಂಚಿಗೆ ಬೆಳಕು ತಾಗಿ ಚೆದುರುವುದರಿಂದ ಹೀಗಾಗುತ್ತದಂತೆ. ಮಿದುಳು ಅದನ್ನು ನಿಧಾನಕ್ಕೆ ಅಲಕ್ಷಿಸುವುದನ್ನು ಕಲಿಯಿತು. ಕೆಲವರಿಗೆ ಉಂಗುರದ ನಂತರವೂ ಗಟ್ಟಿ ಲೆನ್ಸ್ ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್ ಬೇಕಾಗುತ್ತದೆ. ಅದು ಸೋಲಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಸ್ಟೆಫ್ ಕರಿ ತನಗೆ ಕೆರಾಟೋಕೋನಸ್ ಇದೆ, ಲೆನ್ಸ್ ಹಾಕಿಕೊಂಡು ಆಡುತ್ತಿದ್ದೇನೆ ಎಂದು 2019ರಲ್ಲಿ ಹೇಳಿಕೊಂಡರು. ಅಷ್ಟು ದೂರದಿಂದ ಬುಟ್ಟಿಗೆ ಚೆಂಡು ಎಸೆಯುವವರಿಗೇ ನಾಚಿಕೆಯಿಲ್ಲದ ಮೇಲೆ ನಮ್ಮ ಹುಡುಗರಿಗೆ ಯಾಕೆ? ಉಂಗುರ ಸರಿಬರದಿದ್ದರೆ ತೆಗೆದುಬಿಡಲೂ ಬರುತ್ತದೆ. ಈ ಚಿಕಿತ್ಸೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಗುಣ ಅದು.

ಇಷ್ಟೆಲ್ಲ ಆದ ಮೇಲೂ ವಾಸಿಯಾಗದೆ ಉಳಿದದ್ದು ನನ್ನ ಕೈ. ಚಿಕ್ಕಂದಿನಿಂದ ಬಂದ ಅಭ್ಯಾಸ. ಕಣದ ಧೂಳಿಗೆ, ಬೇಸಿಗೆಯ ಬಿಸಿಗಾಳಿಗೆ ಕಣ್ಣು ನವೆಯುತ್ತಿತ್ತು. ಗೆಣ್ಣು ಮಡಚಿ ಗರಗರ ತಿಕ್ಕಿದರೆ ಏನೋ ಸುಖ. ಅದು ಅಲರ್ಜಿ ಎಂದು ಯಾರಿಗೂ ಹೊಳೆಯಲಿಲ್ಲ. ಕೆರಾಟೋಕೋನಸ್‌ಗೆ ವಂಶದ ಪಾಲೂ ಇದೆ. ಆದರೆ ಜೋರಾಗಿ ಕಣ್ಣುಜ್ಜುವುದು ಅದನ್ನು ತರುವ, ಹೆಚ್ಚಿಸುವ ಮುಖ್ಯ ಕಾರಣಗಳಲ್ಲಿ ಒಂದು ಎಂಬುದರ ಬಗ್ಗೆ ಕಣ್ಣಿನ ವೈದ್ಯರು ಎಚ್ಚರಿಸುತ್ತಲೇ ಇರುತ್ತಾರೆ. ತೆಳುವಾದ ಪರದೆಯ ಮೇಲೆ ಆ ಒತ್ತಡ ಬೀಳುತ್ತಲೇ ಇದ್ದರೆ ನೇಯ್ಗೆ ಇನ್ನಷ್ಟು ಸಡಿಲವಾಗುತ್ತದೆ. ಉಂಗುರ ಹಾಕಿಸಿಕೊಂಡವರಿಗೆ ಇನ್ನೊಂದು ಭಯ, ಉಜ್ಜಿ ಉಜ್ಜಿ ಚೂರು ಜರುಗಬಹುದು, ಮೇಲಿನ ಪದರ ಸವೆದು ಹೊರಕ್ಕೆ ಇಣುಕಬಹುದು. ಹಗಲು ನಾನು ಹುಷಾರಾಗಿದ್ದೆ. ರಾತ್ರಿ ನಿದ್ದೆಯಲ್ಲಿ ಕೈ ತಾನಾಗಿ ಮೇಲೇಳುತ್ತಿತ್ತು, ಪ್ಲಾಸ್ಟಿಕ್ ಮುಚ್ಚಳಕ್ಕೆ ಬಡಿದು ಟಪ್ ಎಂದು ಸದ್ದಾಗುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ಅಮ್ಮ ಕತ್ತಲಲ್ಲೇ ‘ಕೈ ಕೆಳಗಿಡೋ’ ಎನ್ನುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದ ಮಗನನ್ನು ಹೀಗೆ ಕಾಯುವುದು ತಮಾಷೆಯಲ್ಲ. ದಿಂಬಿಗೆ ಕಣ್ಣು ಒತ್ತಿ ಬೋರಲು ಮಲಗುವುದನ್ನೂ ಬಿಡಬೇಕಾಯಿತು.

ಉಜ್ಜಬೇಡ ಎಂದಷ್ಟೇ ಹೇಳಿದರೆ ಯಾರ ಕೈಯೂ ನಿಲ್ಲುವುದಿಲ್ಲ. ನವೆ ನಿಂತರೆ ಕೈ ನಿಲ್ಲುತ್ತದೆ. ನನಗೆ ಅಲರ್ಜಿಗೆ ಬೇರೆ ಹನಿ ಕೊಟ್ಟರು. ನವೆ ಬಂದಾಗ ಸ್ವಚ್ಛ ಬಟ್ಟೆಯನ್ನು ತಣ್ಣೀರಲ್ಲಿ ಹಿಂಡಿ ಮುಚ್ಚಿದ ರೆಪ್ಪೆಯ ಮೇಲೆ ಹಗುರವಾಗಿ ಇಟ್ಟುಕೊಳ್ಳುವುದನ್ನು ಕಲಿತೆ. ಕೈ ಮೇಲೆದ್ದಾಗೆಲ್ಲ ಅದನ್ನು ಹುಬ್ಬಿನ ಕಡೆ ತಿರುಗಿಸಿ ಹುಬ್ಬು ನೀವಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಕಣ್ಣಿನ ಗಾಯ ಒಣಗಲು ವಾರಗಳು ಸಾಕಾದವು, ಈ ಅಭ್ಯಾಸ ಬಿಡಲು ಹತ್ತಿರಹತ್ತಿರ ಎರಡು ವರ್ಷ ಹಿಡಿಯಿತು.

ಎಲ್ಲ ಮಂಜೂ ಸಹಜ ಎಂದುಕೊಂಡು ಸುಮ್ಮನೆ ಕೂರಬಾರದು ಎಂಬುದನ್ನೂ ಹೇಳಬೇಕು. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಕಣ್ಣು ಕೆಂಪಾಗಿ ಕೀವು ಬಂದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ನೋಟ ಇದ್ದಕ್ಕಿದ್ದಂತೆ ಕುಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳ ನಂತರ, ವರ್ಷದ ನಂತರ ಏನೋ ಚುಚ್ಚಿದಂತಾದರೂ ತೋರಿಸಬೇಕು. ಚೆನ್ನಾಗಿ ಕಾಣುತ್ತಿದೆ ಎಂಬ ಕಾರಣಕ್ಕೆ ಫಾಲೋಅಪ್ ತಪ್ಪಿಸುವವರೇ ಹೆಚ್ಚು. ಇನ್ನೊಂದು ಕಣ್ಣನ್ನೂ ಮರೆಯಬೇಡಿ. ಈ ರೋಗ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ.

ಈಚೆಗೆ ಪ್ಲಾಸ್ಟಿಕ್ಕಿನ ಬದಲು ದಾನಿಗಳ ಕಾರ್ನಿಯಾದಿಂದಲೇ ಕತ್ತರಿಸಿದ ಚೂರುಗಳನ್ನು ಸುರಂಗದೊಳಗೆ ಇಡುವ ವಿಧಾನ ಬಂದಿದೆ. ಅದನ್ನು ರೂಪಿಸಿ 2018ರಲ್ಲಿ ಪ್ರಕಟಿಸಿದವರು ಚೆನ್ನೈನ ಡಾ. ಸೂಸನ್ ಜೇಕಬ್. ರೋಗ ತೀರ ಮುಂದುವರಿದು ಕಲೆ ಕಟ್ಟಿದವರಿಗೆ ಕಾರ್ನಿಯಾ ಕಸಿಯೇ ದಾರಿ. ಎರಡಕ್ಕೂ ಯಾರೋ ಒಬ್ಬರು ಕಣ್ಣು ಬಿಟ್ಟುಹೋಗಿರಬೇಕು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳು ಬೇರೆಯವರಿಗೆ ಬೆಳಕಾದದ್ದು ನಮ್ಮ ರಾಜ್ಯಕ್ಕೆ ಗೊತ್ತಿರುವ ಕಥೆ. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು.

ಆದರೆ ಎಷ್ಟೋ ಮಕ್ಕಳಿಗೆ ಉಂಗುರವಾಗಲಿ ಕಸಿಯಾಗಲಿ ಬೇಕಾಗದಂತೆಯೇ ನೋಡಿಕೊಳ್ಳಬಹುದು, ಬೇಗ ಗೊತ್ತಾದರೆ. ನಿಮ್ಮ ಮನೆಯಲ್ಲಿ ಸದಾ ಕಣ್ಣುಜ್ಜುವ ಮಗುವಿದ್ದರೆ ಗದರಬೇಡಿ, ನವೆಗೆ ಔಷಧಿ ಕೊಡಿಸಿ. ಆರಾರು ತಿಂಗಳಿಗೆ ಕನ್ನಡಕದ ಪವರ್ ಏರುತ್ತಿದ್ದರೆ, ಮುಂದಿನ ಗಾಜು ಮಾಡಿಸುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಟೋಪೋಗ್ರಫಿ ಮಾಡಿಸಿ. ಕೆಲವೇ ನಿಮಿಷದ ಪರೀಕ್ಷೆ, ಕಣ್ಣಿಗೆ ಏನೂ ತಾಗಿಸುವುದಿಲ್ಲ, ನೋವಿಲ್ಲ.